ನೇತ್ರಾವತಿ ಸೇತುವೆಯ ಆಚೆಯೋ ಈಚೆಯೋ

ಮಂಗಳೂರಿಗೆ ವಾಪಸ್ ಬರುತ್ತೇವೆ ಅಂದ ಕೂಡಲೇ ನೆಂಟರಿಷ್ಟರೆಲ್ಲ ಕೇಳಿದ್ದು ಒಂದೇ ಮಾತು. "ಮನೆ ಸಿಟಿಯ ಒಳಗೆ ಮಾಡುದಾ, ಹೊರಗೆ ಮಾಡುದಾ?" ಕೇಳಿದವರ ಹತ್ತಿರ ಉತ್ತರವೂ ತಯಾರಿತ್ತು. ಒಳಗಿದ್ದವರು ಒಳಗೇ ಬನ್ನಿ ಅಂದರು, ಹೊರಗಿದ್ದವರು ಹೊರಗೇ ಒಳ್ಳೇದು ಅಂದರು. ತಾನಿರುವ ಜಾಗ ಸರಿಯಿಲ್ಲ ಎಂದು ಹೇಳಿದವರು ಒಬ್ಬರೂ ಸಿಗಲಿಲ್ಲ. ಮನೆ ಕಟ್ಟಿಸಿ ಇನ್ನೂ ಸಾಲ ತೀರಿಸುತ್ತಿರುವವರಂತೂ ತಮ್ಮ ಏರಿಯಾದ ಗಾಳಿಯ ಬಗ್ಗೆ ಗಂಟೆಗಟ್ಟಲೆ ಮಾತಾಡಿದರು.

ನಮ್ಮ ಕಥೆ ಹೀಗೆ. ಇವರಿಗೆ, ಅಂದರೆ ನನ್ನ ಗಂಡನಿಗೆ, ಬೆಂಗಳೂರಿಂದ ಮುಡಿಪಿನ ಕಡೆಯ ಸಾಫ್ಟ್‌ವೇರ್ ಕ್ಯಾಂಪಸ್ಸಿಗೆ ವರ್ಗ ಆಗಿತ್ತು. ನನ್ನದು ಲ್ಯಾಪ್‌ಟಾಪ್ ಇದ್ದಲ್ಲಿ ನಡೆಯುವ ಅಕೌಂಟ್ಸ್ ಕೆಲಸ. ಮಗಳು ಪಿಯುಸಿ ಸೇರಬೇಕು. ಜೊತೆಗೆ ನನ್ನ ಅಮ್ಮ. ಅವರು ಹುಟ್ಟಿದ್ದು, ಮದುವೆಯಾಗಿ ಸಂಸಾರ ಮಾಡಿದ್ದು ಎಲ್ಲ ಪುತ್ತೂರಿನ ಕಡೆಯ ತೋಟದ ಮನೆಗಳಲ್ಲಿ. ಅಪ್ಪ ತೀರಿಕೊಂಡ ಮೇಲೆ ನಮ್ಮ ಜೊತೆಗೇ ಇದ್ದಾರೆ. ನಾಲ್ಕು ಜನರಿಗೂ ಆಗುವ ಒಂದು ಬಾಡಿಗೆ ಮನೆ ಬೇಕಿತ್ತು, ಅಷ್ಟೇ.

ಬೆಂಗಳೂರಿನ ಅಭ್ಯಾಸದಲ್ಲಿ ನಾವು ಮೊದಲು ಕಿಲೋಮೀಟರ್ ಲೆಕ್ಕ ಹಾಕಿದೆವು. ಮಂಗಳೂರಲ್ಲಿ ಆ ಲೆಕ್ಕ ಅರ್ಧ ಮಾತ್ರ ಕೆಲಸಕ್ಕೆ ಬರುತ್ತದೆ. ಇದು ಎರಡು ಹೊಳೆಗಳ ನಡುವಿನ ಊರು. ತೆಂಕಿಗೆ ನೇತ್ರಾವತಿ, ಬಡಗಿಗೆ ಫಲ್ಗುಣಿ, ಜನ ಹೇಳುವ ಹಾಗೆ ಗುರುಪುರ ಹೊಳೆ. ಎರಡೂ ಬೆಂಗ್ರೆಯ ಹತ್ತಿರ ಒಂದೇ ಅಳಿವೆಯಲ್ಲಿ ಕಡಲು ಸೇರುತ್ತವೆ. ಪಡುವಣಕ್ಕೆ ಸಮುದ್ರ, ಅಲ್ಲಿ ಬೆಳೆಯಲು ಜಾಗ ಇಲ್ಲ. ಪೇಟೆ ಹಬ್ಬಬೇಕಾದರೆ ಒಂದೋ ಸೇತುವೆ ದಾಟಬೇಕು, ಇಲ್ಲ ಮೂಡಕ್ಕೆ ಗುಡ್ಡ ಹತ್ತಬೇಕು. ಸುರತ್ಕಲ್ ಕಡೆಗಾದರೆ ಕೂಳೂರು ಸೇತುವೆ, ಆಮೇಲೆ ಪಣಂಬೂರು ಬಂದರಿನ ಟ್ಯಾಂಕರು, ಕಂಟೇನರು. ಉಳ್ಳಾಲದ ಕಡೆಗಾದರೆ ಪಂಪ್‌ವೆಲ್, ನೇತ್ರಾವತಿ ಸೇತುವೆ, ತೊಕ್ಕೊಟ್ಟು. ಮೂಡಕ್ಕೆ ಹೋಗುವುದಾದರೆ ನಂತೂರು ಸರ್ಕಲ್ ದಾಟಿ ಕುಲಶೇಖರ, ವಾಮಂಜೂರು. ಎಲ್ಲಿ ಮನೆ ಮಾಡಿದರೂ ದಿನಾ ಒಂದು ಕುತ್ತಿಗೆಯ ಮೂಲಕ ನುಸುಳಲೇಬೇಕು. ಯಾವ ಕುತ್ತಿಗೆ ಅನ್ನುವುದಷ್ಟೇ ನಮ್ಮ ಆಯ್ಕೆ.

ಪಂಪ್‌ವೆಲ್ ಮೇಲ್ಸೇತುವೆಯ ಕಥೆ ಗೊತ್ತಿಲ್ಲದ ಮಂಗಳೂರಿಗರಿಲ್ಲ. ಹತ್ತು ವರ್ಷ ಎಳೆದು, ಟ್ರೋಲ್ ಮಾಡುವವರಿಗೆಲ್ಲ ಕೆಲಸ ಕೊಟ್ಟು, ಕೊನೆಗೆ 2020ರ ಜನವರಿ 31ಕ್ಕೆ ತೆರೆಯಿತು. ಈಗಲೂ ಜೋರು ಮಳೆ ಬಂದರೆ ಅದರ ಅಡಿಯಲ್ಲಿ ನೀರು ನಿಲ್ಲುತ್ತದೆ.

ಸುರತ್ಕಲ್‌ನ್ನು ನಾವು ಬೇಗ ಬಿಟ್ಟೆವು. ಜಾಗ ಚಂದ. ಸಮುದ್ರ ಉಂಟು, ರೈಲು ಉಂಟು, ಎನ್‌ಐಟಿಕೆ ಎಂಬ ಇಂಜಿನಿಯರಿಂಗ್ ಕಾಲೇಜು ಇರುವುದರಿಂದ ಊರಿಗೊಂದು ಕಳೆ ಉಂಟು. ಹಳೇ ಟೋಲ್‌ಗೇಟ್ ಕೂಡ ಜನ ಹೋರಾಟ ಮಾಡಿದ ಮೇಲೆ 2022ರ ಡಿಸೆಂಬರಿನಲ್ಲಿ ನಿಂತಿತು. ಆದರೆ ಅಲ್ಲಿಂದ ಮುಡಿಪಿಗೆ ಎರಡೂ ಹೊಳೆ ದಾಟಬೇಕು. ಬೆಳಿಗ್ಗೆ ಎರಡು ಸೇತುವೆ, ಸಂಜೆ ಎರಡು ಸೇತುವೆ. "ನಾನು ಸಮುದ್ರ ನೋಡುದು ಯಾವಾಗ ಮತ್ತೆ?" ಅಂದರು ಇವರು.

ಉಳಿದದ್ದು ಎರಡು ದಾರಿ. ಸಿಟಿಯ ಒಳಗೆ ಬಿಜೈ, ಕದ್ರಿ, ಕಂಕನಾಡಿ ಈ ಕಡೆ. ಇಲ್ಲವಾದರೆ ನೇತ್ರಾವತಿಯ ಆಚೆ, ತೊಕ್ಕೊಟ್ಟಿನಲ್ಲಿ ಎಡಕ್ಕೆ ತಿರುಗಿ ಕುತ್ತಾರು, ದೇರಳಕಟ್ಟೆ, ಕೊಣಾಜೆ. ಆಚೆಯದು ಇವರ ಆಫೀಸಿನ ದಾರಿಯೇ.

ದೇರಳಕಟ್ಟೆಯ ಬಗ್ಗೆ ನನ್ನ ತಲೆಯಲ್ಲಿ ಇದ್ದದ್ದು ನಾನು ಕಾಲೇಜಿಗೆ ಹೋಗುವ ಕಾಲದ ಚಿತ್ರ. ಗೇರು ಗುಡ್ಡೆ, ಕೆಂಪು ಮಣ್ಣು, ಕೊಣಾಜೆಯ ವಿಶ್ವವಿದ್ಯಾಲಯಕ್ಕೆ ಹೋಗುವ ಬಸ್ಸು. ಈಗ ಹೋಗಿ ನೋಡಿದರೆ ಒಂದರ ಪಕ್ಕ ಒಂದು ಮೆಡಿಕಲ್ ಕಾಲೇಜು. ಕೆ.ಎಸ್. ಹೆಗ್ಡೆ ಆಸ್ಪತ್ರೆ, ಯೇನೆಪೋಯ, ಕಣಚೂರು. ವಯಸ್ಸಾದವರಿದ್ದರೆ ಆಸ್ಪತ್ರೆ ಹತ್ತಿರ ಇರಲಿ ಅಂತ ಸಿಟಿಯಲ್ಲಿರಬೇಕು ಎನ್ನುವುದು ಹಳೇ ಮಾತು. ವೆನ್ಲಾಕ್, ಫಾದರ್ ಮುಲ್ಲರ್ಸ್ ಇರುವುದು ಪೇಟೆಯಲ್ಲೇ, ಸರಿ. ಆದರೆ ರಾತ್ರಿ ಎದೆನೋವು ಬಂದರೆ ದೇರಳಕಟ್ಟೆಯವರು ನಡೆದುಕೊಂಡೇ ಎಮರ್ಜೆನ್ಸಿಗೆ ಹೋಗಬಹುದು. ನಡೆಯುವ ಶಕ್ತಿ ಉಳಿದಿದ್ದರೆ ಅಂತಿಟ್ಟುಕೊಳ್ಳಿ.

ಇದರ ಇನ್ನೊಂದು ಮುಖ ಬಾಡಿಗೆ. ಮೆಡಿಕಲ್ ವಿದ್ಯಾರ್ಥಿಗಳಿಗೆ ಅಂತಲೇ ಕಟ್ಟಿದ ಫ್ಲ್ಯಾಟುಗಳು ಅಲ್ಲಿ ಸಾಲುಸಾಲು. ಅಡುಗೆಮನೆ ಎಂದರೆ ಒಂದು ಕಲ್ಲು, ಒಂದು ಸಿಂಕ್. ಮಸಾಲೆ ಕಡೆಯಲು ಮಿಕ್ಸಿ ಇಟ್ಟರೆ ಪಾತ್ರೆ ಇಡಲು ಜಾಗ ಇಲ್ಲ. ಕೇಳುವ ಬಾಡಿಗೆ ಮಾತ್ರ ಸಿಟಿಯದೇ. ಮೂರು ಹುಡುಗರು ಹಂಚಿಕೊಂಡು ಕೊಡುವ ದುಡ್ಡನ್ನು ಒಂದು ಸಂಸಾರದ ಹತ್ತಿರ ಕೇಳುತ್ತಾರೆ. ಹೊರವಲಯ ಅಂದರೆ ಅಗ್ಗ ಎಂಬ ನಂಬಿಕೆ ಅಲ್ಲಿಗೇ ಮುಗಿಯಿತು.

ಕುತ್ತಾರಿನ ಮನೆ ಬೇರೆ. ಅದನ್ನು ನೋಡಿದ ದಿನ ಇವರು ವಾಪಸ್ ಬರುವಾಗ ಕಾರಿನಲ್ಲಿ ಹಾಡು ಹಾಕಿದರು, ಅಷ್ಟು ಖುಷಿ. ಬಿಜೈಯ ಎರಡು ಬೆಡ್‌ರೂಮ್ ಫ್ಲ್ಯಾಟಿನ ಬಾಡಿಗೆಗೆ ಇಲ್ಲಿ ಇಡೀ ಮನೆ. ಹಂಚಿನ ಮಾಡು, ಕೆಂಪು ನೆಲ, ಜಗಲಿಯಲ್ಲಿ ಕೂರಲು ಉದ್ದಕ್ಕೆ ದಂಡೆ. ಅಂಗಳದ ಮೂಲೆಯಲ್ಲಿ ಬಾವಿ. ಮುರಕಲ್ಲು, ಅಂದರೆ ನಮ್ಮ ಕಡೆಯ ಕೆಂಪು ಕಲ್ಲು, ಕಡಿದು ಇಳಿಸಿದ ಬಾವಿ, ಒಳಗೆ ಕಲ್ಲಿನ ಮೇಲೆ ಕೊಡಲಿಯ ಗೆರೆ ಹಾಗೇ ಇತ್ತು. ಬದಿಯಲ್ಲಿ ಜರಿಗಿಡ ಬೆಳೆದಿತ್ತು. ರಾಟೆಗೆ ಪ್ಲಾಸ್ಟಿಕ್ ಹಗ್ಗ. ಮನೆಯವರು ಒಂದು ಕೊಡಪಾನ ಎತ್ತಿ ಇವರ ಕೈಗೆ ನೀರು ಹೊಯ್ದರು. ಕುಡಿದು ನೋಡಿ ಅಂದರು. ಕುಡಿದರು. ಬೆಂಗಳೂರಿನ ಕ್ಯಾನ್ ನೀರು ಕುಡಿದ ಬಾಯಿ, ಅಮೃತ ಅಂತ ಹೇಳದೆ ಇನ್ನೇನು ಹೇಳುತ್ತದೆ? ಹಿಂದೆ ಒಂದು ಹಲಸಿನ ಮರ, ಬುಡದಿಂದಲೇ ಕಾಯಿ ಬಿಟ್ಟಿತ್ತು. ಮಗಳು ಫೋಟೋ ತೆಗೆದು ಬೆಂಗಳೂರಿನ ಗೆಳತಿಯರಿಗೆಲ್ಲ ಕಳಿಸಿದಳು.

ಮನೆಯ ಯಜಮಾನರು ಒಳ್ಳೆಯ ಮನುಷ್ಯ. ಮಗ ದುಬೈಯಲ್ಲಿ, ತಾವು ಪಕ್ಕದ ಹೊಸ ಮನೆಯಲ್ಲಿ. "ಅಡ್ವಾನ್ಸ್ ಎಲ್ಲ ಜಾಸ್ತಿ ಬೇಡ, ಮನೆ ಗುಡಿಸಿ ದೀಪ ಇಡುವವರು ಇದ್ದರೆ ಸಾಕು" ಅಂದರು. ಕುತ್ತಾರು ಕೊರಗಜ್ಜ ಎಂಬ ದೈವದ ಊರು. ಅಜ್ಜನ ಕೋಲದ, ಅಂದರೆ ದೈವ ಕಟ್ಟಿ ಕುಣಿಯುವ ಆರಾಧನೆಯ, ರಾತ್ರಿ ಸುತ್ತಮುತ್ತ ದೀಪ ಉರಿಸುವ ಹಾಗಿಲ್ಲ, ರಸ್ತೆಯಲ್ಲಿ ಗಾಡಿಗಳೂ ಲೈಟ್ ಆರಿಸಿಯೇ ಹೋಗಬೇಕು. ಬಾಡಿಗೆಗೆ ಬಂದವರಿಗೂ ಅದೇ ನಿಯಮ. ನನಗೆ ಇದು ಇಷ್ಟವಾಯಿತು. ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಬಾಡಿಗೆಯವರಿಗೆ ಬೇರೆ ಲಿಫ್ಟ್ ಇಡುವ ಬಗ್ಗೆ ಮೀಟಿಂಗ್ ಆಗಿತ್ತು. ಇಲ್ಲಿ ಬಂದ ಮೊದಲ ವರ್ಷವೇ ಊರಿನ ಕತ್ತಲೆಯಲ್ಲಿ ನಮಗೂ ಒಂದು ಪಾಲು.

ಅಮ್ಮ ಮಾತ್ರ ಬಾವಿಯ ಹತ್ತಿರ ಬರಲಿಲ್ಲ. ಅವರು ಮನೆಯ ಹಿಂದೆ ಹೋಗಿ ನಿಂತಿದ್ದರು. ನಾನು ಹೋಗಿ ನೋಡಿದೆ. ಹಿಂದೆ ಗುಡ್ಡವನ್ನು ನೇರಕ್ಕೆ ಕಡಿದಿದ್ದರು. ಮೇಲಿನ ಸೈಟಿನಲ್ಲಿ ಯಾರೋ ಹೊಸ ಮನೆ ಕಟ್ಟುತ್ತಿದ್ದರು, ಅದಕ್ಕೊಂದು ತಡೆಗೋಡೆ. ಕಡಿದ ಗುಡ್ಡದ ಮೇಲ್ಭಾಗ ಗಟ್ಟಿ ಕೆಂಪು ಮುರಕಲ್ಲು. ಅದರ ಕೆಳಗೆ ಬಿಳಿ, ಗುಲಾಬಿ, ಹಳದಿ ಬಣ್ಣದ ಮೆತ್ತಗಿನ ಮಣ್ಣು.

"ಶೇಡಿಮಣ್ಣು," ಅಂದರು ಅಮ್ಮ. ಉಗುರಿನಿಂದ ಕೆರೆದು ತೋರಿಸಿದರು. ಪುಡಿ ಬಂತು.

ಕರಾವಳಿಯ ಗುಡ್ಡಗಳ ಗುಟ್ಟು ಇದರಲ್ಲೇ ಇದೆ. ಮೇಲೆ ಮುರಕಲ್ಲಿನ ಟೋಪಿ, ಅಡಿಯಲ್ಲಿ ಶೇಡಿಮಣ್ಣು. ಒಣಗಿದ್ದಾಗ ಗೋಡೆಯ ಹಾಗೆ ನಿಲ್ಲುತ್ತದೆ, ಏಪ್ರಿಲಿನಲ್ಲಿ ನೋಡಿದವರಿಗೆ ಬಂಡೆ ಅಂತಲೇ ಕಾಣುತ್ತದೆ. ನೀರು ಕುಡಿದರೆ ಅದರ ಶಕ್ತಿಯೆಲ್ಲ ಹೋಗುತ್ತದೆ. ವರ್ಷಕ್ಕೆ 3,500 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಊರಲ್ಲಿ ಗುಡ್ಡವನ್ನು ನೇರಕ್ಕೆ ಕಡಿದು ಆ ಮಣ್ಣನ್ನು ಬೆತ್ತಲೆ ಮಾಡಿದರೆ ಏನಾಗುತ್ತದೆ ಎಂದು ಪ್ರತಿ ವರ್ಷದ ಜೂನ್, ಜುಲೈ ಪೇಪರು ಹೇಳುತ್ತದೆ. 2024ರ ಜೂನಿನಲ್ಲಿ ಇದೇ ಕುತ್ತಾರಿನ ಮದನಿನಗರದಲ್ಲಿ ಪಕ್ಕದ ಜಾಗದ ಗೋಡೆ ಮನೆಯ ಮೇಲೆ ಬಿದ್ದು ಒಂದೇ ಸಂಸಾರದ ನಾಲ್ವರು ಹೋದರು. ಹಿಂದಿನ ಕಾಲದ ಮನೆಗಳು ಗುಡ್ಡದ ಇಳಿಜಾರನ್ನು ಬಿಟ್ಟು, ಸಮತಟ್ಟು ಜಾಗ ಹುಡುಕಿ ಕೂತಿದ್ದವು. ಈಗ ಅಂಥ ಜಾಗ ಮುಗಿದಿದೆ. ಹೊರವಲಯದಲ್ಲಿ ಹೊಸದಾಗಿ ಸೈಟ್ ಸಿಗುವುದೆಂದರೆ ಗುಡ್ಡ ಕಡಿದೇ ಸಿಗಬೇಕು.

ಮನೆ ನೋಡಲು ಹೋಗುವವರಿಗೆ ನಾನು ಒಂದು ಮಾತು ಹೇಳುತ್ತೇನೆ. ಮುಂದಿನ ಬಾಗಿಲಿನಿಂದ ಒಳಗೆ ಹೋಗುವ ಮೊದಲು ಹಿಂದಿನ ಬದಿಗೆ ಒಂದು ಸುತ್ತು ಹಾಕಿ. ಸಾಧ್ಯವಾದರೆ ಮಳೆಯಲ್ಲೇ ನೋಡಿ. ಆಟಿಯಲ್ಲಿ, ಅಂದರೆ ಜೋರು ಮಳೆಯ ತುಳು ತಿಂಗಳಲ್ಲಿ, ಮನೆ ಬದಲಾಯಿಸಬಾರದು ಅಂತ ನಮ್ಮಲ್ಲಿ ಯಾರೂ ಆ ತಿಂಗಳು ಮನೆ ನೋಡುವುದಕ್ಕೂ ಹೊರಡುವುದಿಲ್ಲ. ಬದಲಾಯಿಸಬೇಡಿ, ನೋಡುವುದಕ್ಕೆ ಏನು ಅಡ್ಡಿ? ಯಾವ ಗೋಡೆ ಸೋರುತ್ತದೆ, ಯಾವ ರಸ್ತೆ ತೋಡಾಗುತ್ತದೆ, ಕರೆಂಟ್ ಹೋದರೆ ಎಷ್ಟು ಹೊತ್ತಿಗೆ ಬರುತ್ತದೆ, ಎಲ್ಲ ಆಟಿಯಲ್ಲೇ ಗೊತ್ತಾಗುವುದು. ಸಿಟಿಯವರೂ ಇದರಿಂದ ತಪ್ಪಿಸಿಕೊಂಡಿಲ್ಲ. 2018ರ ಮೇ 29ರ ಮಳೆಯನ್ನು ಕೊಟ್ಟಾರ ಚೌಕಿಯವರು ಇನ್ನೂ ಮರೆತಿಲ್ಲ.

ಆಚೆ ಕಡೆ ಮನೆ ನೋಡುವಾಗ ಇನ್ನೊಂದು ತಮಾಷೆ ಗೊತ್ತಾಯಿತು. ಸೇತುವೆ ದಾಟಿದ ಕೂಡಲೇ ಉಳ್ಳಾಲ ನಗರಸಭೆ. ಹೆದ್ದಾರಿಯಲ್ಲೇ ಮುಂದೆ ಹೋದರೆ ಸೋಮೇಶ್ವರ ಪುರಸಭೆ, ಕೋಟೆಕಾರು ಪಟ್ಟಣ ಪಂಚಾಯತ್. ಎಡಕ್ಕೆ ಕುತ್ತಾರಿಗೆ ತಿರುಗಿದರೆ ಮುನ್ನೂರು ಗ್ರಾಮ ಪಂಚಾಯತ್, ದೇರಳಕಟ್ಟೆಗೆ ಬಂದರೆ ಬೆಳ್ಮ ಗ್ರಾಮ ಪಂಚಾಯತ್. ಮೆಡಿಕಲ್ ಕಾಲೇಜು, ಹತ್ತು ಮಹಡಿಯ ಕಟ್ಟಡ ಎಲ್ಲ ಇರುವ ಜಾಗ, ಕಾಗದದಲ್ಲಿ ಇನ್ನೂ ಹಳ್ಳಿ. ಮನೆ ತೆರಿಗೆ ಕಡಿಮೆ, ಪಿಡಿಒ ಪರಿಚಯದವರಾದರೆ ಕೆಲಸ ಬೇಗ. ಆದರೆ ಒಳಚರಂಡಿ ಇಲ್ಲ, ಪ್ರತಿ ಮನೆಗೂ ಅದರದೇ ಪಿಟ್. ಮುರಕಲ್ಲು ಒಳಗೆಲ್ಲ ತೂತು ಇರುವ ಕಲ್ಲು. ನಿಮ್ಮ ಬಾವಿಯ ನೀರು ಎಷ್ಟು ಒಳ್ಳೆಯದು ಅನ್ನುವುದು ಮೇಲಿನ ಮನೆಯವರ ಪಿಟ್ ಎಲ್ಲಿದೆ ಅನ್ನುವುದರ ಮೇಲೆ ನಿಂತಿದೆ. ಇವರ ಅಮೃತದ ಬಗ್ಗೆ ಹಾಗೆ ಹೇಳಿದ್ದಕ್ಕೆ ಸ್ವಲ್ಪ ಮುಖ ಊದಿಸಿಕೊಂಡರು.

ಸಿಟಿಯ ನೀರಿನದು ಬೇರೆ ರಗಳೆ. ಇಡೀ ನಗರ ಕುಡಿಯುವುದು ತುಂಬೆಯ ಕಿಂಡಿ ಅಣೆಕಟ್ಟಿನ ನೀರು. ಅದೂ ನೇತ್ರಾವತಿಯೇ. ಜೂನಿನಲ್ಲಿ ಉಕ್ಕಿ ಹರಿಯುವ ಹೊಳೆ ಮೇ ತಿಂಗಳಲ್ಲಿ ಮರಳು ತೋರಿಸುತ್ತದೆ. 2019ರಲ್ಲಿ, ಮತ್ತೆ 2023ರಲ್ಲಿ ಬೇಸಗೆಯ ಕೊನೆಗೆ ರೇಷನ್ ಮಾಡಿ ನೀರು ಬಿಟ್ಟರು. ಕಸದ ವಿಷಯ ಕೇಳುವುದೇ ಬೇಡ. ಸಿಟಿಯ ಕಸವೆಲ್ಲ ಅಂಚಿನ ಪಚ್ಚನಾಡಿಗೆ ಹೋಗುತ್ತದೆ. 2019ರ ಆಗಸ್ಟಿನಲ್ಲಿ ಆ ಕಸದ ಗುಡ್ಡವೇ ಜಾರಿ ಕೆಳಗಿನ ಮಂದಾರ ಎಂಬ ಊರಿನ ತೋಟ, ಮನೆಗಳ ಮೇಲೆ ಬಂತು. ಬಿಜೈಯಲ್ಲಿ ಕೂತು ಹಸಿ ಕಸ, ಒಣ ಕಸ ಅಂತ ಬೇರೆ ಮಾಡುವ ನಾವು ಯಾರ ತೋಟದ ಮೇಲೆ ಅದನ್ನು ಕಳಿಸುತ್ತಿದ್ದೇವೆ ಎಂದು ಯೋಚಿಸುವುದು ಕಡಿಮೆ.

ಬಿಜೈಯ ಫ್ಲ್ಯಾಟ್ ನೋಡಿದಾಗ ಯಾರಿಗೂ ಹಾಡು ಹಾಕುವ ಮನಸ್ಸು ಬರಲಿಲ್ಲ. ಎರಡನೇ ಮಹಡಿ, ಹಳೇ ಕಟ್ಟಡ, ಲಿಫ್ಟ್ ಉಂಟು ಆದರೆ ಅದರ ಬಾಗಿಲು ಎಳೆಯಲು ತಾಕತ್ತು ಬೇಕು. ಬಾಲ್ಕನಿಯಲ್ಲಿ ನಿಂತರೆ ಪಕ್ಕದ ಕಟ್ಟಡದ ಬಾಲ್ಕನಿ. ಓನರ್ ಆಂಟಿ ಮಕ್ಕಳೆಲ್ಲ ಕೆನಡಾದಲ್ಲಿ ಇರುವ ಒಂಟಿ ಹೆಂಗಸು. ಕೆಳಗಿನ ಮಹಡಿಯಲ್ಲಿ ಇರುತ್ತಾರೆ. ನಮ್ಮನ್ನು ಕೂರಿಸಿ ಜ್ಯೂಸ್ ಕೊಟ್ಟು ಕೇಳಿದ ಮೊದಲ ಪ್ರಶ್ನೆ, "ನೀವು ಮೀನು ತಿನ್ನುದಲ್ವಾ?"

ಅದಕ್ಕೂ ಮೊದಲು ಎರಡು ಕಡೆ ಮೀನು ತಿನ್ನುವವರಿಗೆ ಕೊಡುವುದಿಲ್ಲ ಅಂತ ಹೇಳಿಸಿಕೊಂಡಿದ್ದೆವು. ನಾನು ಜಾಗ್ರತೆಯಿಂದ, ಹೌದು ತಿಂತೇವೆ ಅಂದೆ.

"ಸದ್ಯ. ಹಿಂದೆ ಇದ್ದವರು ನಾನು ಬಂಗುಡೆ ಹುರಿದರೆ ಕಿಟಕಿ ಹಾಕ್ತಿದ್ರು" ಅಂದರು ಆಂಟಿ.

ಮಂಗಳೂರಲ್ಲಿ ಮನೆ ಹುಡುಕುವುದೆಂದರೆ ನೀವು ಏನು ತಿನ್ನುತ್ತೀರಿ, ನಿಮ್ಮ ಹೆಸರಿನ ಮುಂದೆ ಏನಿದೆ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಕೊಡುವುದು. ಸಿಟಿಯ ಒಳಗೂ ಅಷ್ಟೇ, ಹೊರಗೂ ಅಷ್ಟೇ. ಓದಿದವರ ಊರು, ಬ್ಯಾಂಕುಗಳ ಊರು ಅಂತ ನಾವೇ ಬೆನ್ನು ತಟ್ಟಿಕೊಳ್ಳುತ್ತೇವೆ. ಎರಡನೇ ಪ್ರಶ್ನೆಯಿಂದಾಗಿ ಇಡೀ ಏರಿಯಾಗಳೇ ಮುಚ್ಚಿಹೋಗುವವರ ಪಾಡು ನಮಗೆ ಬರಲಿಲ್ಲ. ಆದರೆ ಹೆಸರು ಹೇಳಿದ ಕೂಡಲೇ ಕೇಳಿದವರ ಮುಖ ಸಡಿಲಾದದ್ದು ಎಷ್ಟೋ ಸಲ ಕಂಡಿತು. ನೋಡಲು ಹಿತವಾಗಿರಲಿಲ್ಲ.

(ಬಾಡಿಗೆಗೆ ಅಲ್ಲ, ಸಿಟಿಯಲ್ಲಿ ಹಳೇ ಜಾಗ ಕೊಂಡುಕೊಳ್ಳುವ ಯೋಚನೆ ಇದ್ದವರಿಗೆ ಒಂದು ಕಿವಿಮಾತು. ಮಂಗಳೂರು, ಉಡುಪಿಯ ಪೇಟೆಯ ಜಾಗಗಳಲ್ಲಿ ಮೂಲಗೇಣಿ ಎಂಬುದೊಂದುಂಟು. ತಲೆಮಾರುಗಳಿಂದ ಮನೆ ನಿಮ್ಮದೇ, ಅಡಿಯ ಭೂಮಿ ಮೂಲಿದಾರರದು, ಅಂದರೆ ಜಾಗದ ಮೂಲ ಒಡೆಯರದು. ಆ ಭೂಮಿಯ ಹಕ್ಕನ್ನು ಗೇಣಿಯವರಿಗೇ ಕೊಡಲು 2011ರಲ್ಲಿ ಕಾನೂನೇ ಬಂತು, ಅದು ಕೋರ್ಟಿಗೂ ಹೋಯಿತು. ಜಾಗದ ಕಾಗದವನ್ನು ಒಳ್ಳೆ ವಕೀಲರಿಗೆ ತೋರಿಸದೆ ಅಡ್ವಾನ್ಸ್ ಕೊಡಬೇಡಿ.)

ಮನೆಗೆ ಬಂದು ಚರ್ಚೆ ಶುರುವಾಯಿತು. ಇವರು ಕುತ್ತಾರು. ಮಗಳು ಕುತ್ತಾರು, ಆದರೆ ಕಾಲೇಜು ಮಾತ್ರ ಸಿಟಿಯದ್ದೇ ಬೇಕು. ನಾನು ಅರ್ಧ ಅರ್ಧ. ಗುಡ್ಡ ಇಲ್ಲದ ಬೇರೆ ಮನೆ ಅದೇ ಕಡೆ ಹುಡುಕೋಣ ಅಂದೆ. ನಮ್ಮೆಲ್ಲರ ಬಾಯಲ್ಲಿ ಒಂದೇ ಸಮರ್ಥನೆ. ಅಮ್ಮನಿಗೆ ಹಳ್ಳಿಯ ವಾತಾವರಣ ಬೇಕು, ಅಂಗಳ ಬೇಕು, ಗಿಡ ಬೇಕು, ಫ್ಲ್ಯಾಟಿನಲ್ಲಿ ಅವರಿಗೆ ಉಸಿರು ಕಟ್ಟುತ್ತದೆ.

ಅಮ್ಮ ಬೀನ್ಸ್ ಮುರಿಯುತ್ತಾ ಕೇಳಿಸಿಕೊಂಡರು. ಆಮೇಲೆ ಹೇಳಿದರು, "ನಿಮಗೆ ಹಲಸಿನ ಮರ ಬೇಕು. ಅದರ ಎಲೆ ಗುಡಿಸುವವರು ಯಾರು? ಬಾವಿ ನೀರು ನಾನು ಸೇದಿದ್ದು ಸಾಕು ಮಗಾ. ನನಗೆ ಬೇಕಾದಾಗ ಚಪ್ಪಲಿ ಹಾಕಿ ಹೊರಗೆ ಹೋಗ್ಲಿಕ್ಕೆ ಆಗ್ಬೇಕು. ಅಷ್ಟು ನೋಡಿ."

ಅಳಿಯನ ಕಡೆ ತಿರುಗಿ, "ನಿಮ್ಮ ಆಫೀಸಿಗೆ ದೂರ ಆಗ್ತದೆ, ಗೊತ್ತುಂಟು ನನಗೆ" ಅಂತಲೂ ಸೇರಿಸಿದರು.

ತೋಟದ ಮನೆಯಿಂದ ಬಂದವರಿಗೆ ತೋಟದ ಮನೆಯೇ ಬೇಕು ಅಂತ ತೀರ್ಮಾನ ಮಾಡಿದವರು ನಾವು, ತೋಟದ ಮನೆಗೆ ರಜೆಯಲ್ಲಿ ಮಾತ್ರ ಹೋದವರು. ಅಮ್ಮನಿಗೆ ಆ ಮನೆ ಎಂದರೆ ಪೇಟೆಗೆ ಹೋಗಬೇಕಾದರೆ ಅಪ್ಪನ ಜೀಪ್ ಸ್ಟಾರ್ಟ್ ಆಗುವ ತನಕ ಕಾಯುವುದು. ಡಾಕ್ಟರ ಹತ್ತಿರ ಹೋಗಲು, ಸೀರೆ ತರಲು, ತವರಿಗೆ ಹೋಗಲು, ಎಲ್ಲದಕ್ಕೂ ಯಾರನ್ನಾದರೂ ಕೇಳಬೇಕು. ಬೆಂಗಳೂರಿಗೆ ಬಂದ ಮೇಲೆ, ಭಾಷೆ ಅಷ್ಟೊಂದು ಸರಿಹೋಗದಿದ್ದರೂ, ತರಕಾರಿ ಅಂಗಡಿಗೆ, ದೇವಸ್ಥಾನಕ್ಕೆ, ಪಾರ್ಕಿಗೆ ಒಬ್ಬರೇ ಹೋಗಿ ಬಂದು ಅಭ್ಯಾಸ ಆಗಿತ್ತು. ಅದನ್ನು ಬಿಟ್ಟುಕೊಡಲು ಅವರು ತಯಾರಿರಲಿಲ್ಲ.

ಆ ರಾತ್ರಿ ನಾನು ಲೆಕ್ಕವನ್ನು ತಿರುಗಿಸಿ ಬರೆದೆ. ಬಾಡಿಗೆ, ಚದರಡಿ, ಆಫೀಸಿನ ದೂರ ಎಲ್ಲ ಬಿಟ್ಟು, ನಮ್ಮಲ್ಲಿ ಯಾರ ಕೈಯಲ್ಲಿ ಗಾಡಿಯ ಕೀ ಇದೆ ಅಂತ ನೋಡಿದೆ. ಇವರಿಗೆ ಕಾರು. ನನಗೆ ಸ್ಕೂಟರ್. ಮಗಳಿಗೆ ಇಲ್ಲ, ಅಮ್ಮನಿಗೆ ಇಲ್ಲ. ಗಾಡಿ ಇದ್ದವರು ಎಲ್ಲಿದ್ದರೂ ಹೇಗೋ ನಡೆಯುತ್ತದೆ. ಮನೆ ಎಲ್ಲಿ ಎಂಬುದು ನಿಜವಾಗಿ ತಟ್ಟುವುದು ಗಾಡಿ ಇಲ್ಲದವರಿಗೆ. ಆದರೂ ಎಲ್ಲ ಮನೆಗಳಲ್ಲೂ ಜಾಗ ಆರಿಸುವವರು ಕಾರಿನ ಕೀ ಇದ್ದವರೇ.

ಕೋಟೆಕಾರಿನಲ್ಲಿರುವ ನನ್ನ ದೊಡ್ಡಮ್ಮನ ಮನೆ ನೆನಪಾಯಿತು. ದೊಡ್ಡಪ್ಪ ಬ್ಯಾಂಕಿನಿಂದ ರಿಟೈರ್ ಆಗಿ ಹೆದ್ದಾರಿಯಿಂದ ತುಂಬಾ ಒಳಗೆ ಕಟ್ಟಿಸಿದ ಮನೆ. ಶಾಂತ ಜಾಗ ಅಂತ ಅವರಿಗೆ ಹೆಮ್ಮೆ. ದೊಡ್ಡಪ್ಪ ಹೋದ ಮೇಲೆ ಕಾರು ಪೋರ್ಚಿನಲ್ಲಿ ಟರ್ಪಾಲು ಹೊದ್ದು ನಿಂತಿದೆ. ದೊಡ್ಡಮ್ಮ ತಿಂಗಳ ಮಾತ್ರೆಗೂ ಹೆದ್ದಾರಿಯ ಬೀರಿ ಜಂಕ್ಷನ್ನಿನ ಆಟೋದವನಿಗೆ ಫೋನ್ ಮಾಡಿ, ಅವನು ಬಿಡುವಾಗಿದ್ದರೆ ಹೊರಡಬೇಕು. ಶಾಂತಿ ಬೇಕಾದ್ದಕ್ಕಿಂತ ಜಾಸ್ತಿಯೇ ಇದೆ ಅಲ್ಲಿ.

ಬಸ್ ಇಲ್ವಾ ಅಂತ ಕೇಳಬಹುದು. ಉಂಟು, ಧಾರಾಳ ಉಂಟು. ಸ್ಟೇಟ್‌ಬ್ಯಾಂಕ್ ಸ್ಟಾಪಿನಿಂದ ಹೊರಡುವ 43 ನಂಬರ್ ಬಸ್ಸು ತಲಪಾಡಿಗೆ, 44 ಉಳ್ಳಾಲಕ್ಕೆ, 51 ದೇರಳಕಟ್ಟೆ, ಕೊಣಾಜೆ ಕಡೆಗೆ. ಇಷ್ಟೊಂದು ಸಿಟಿ ಬಸ್ಸು ಖಾಸಗಿಯವರದ್ದೇ ಆಗಿರುವ ಊರು ರಾಜ್ಯದಲ್ಲಿ ಕಡಿಮೆ. ಹಗಲು ಹೊತ್ತು ಕಾಯುವುದೇ ಬೇಡ. ಆದರೆ ಆ ಬಸ್ಸುಗಳು ಟೈಮಿನ ಹಿಂದೆ ಓಡುವಂಥವು. ನಾನು ಒಂದು ದಿನ ಅಮ್ಮನ ಹಿಂದೆಯೇ ಹತ್ತಿ ಗಮನಿಸಿದೆ. ಮೆಟ್ಟಿಲು ಮೊಣಕಾಲಿನ ಎತ್ತರ. ಅಮ್ಮ ಸೀರೆಯ ನೆರಿಗೆ ಎತ್ತಿ ಹಿಡಿದು ಒಂದು ಕಾಲು ಇಟ್ಟಿದ್ದಾರೆ, ಇನ್ನೊಂದು ಕಾಲು ಇನ್ನೂ ರಸ್ತೆಯಲ್ಲಿದೆ. ಹಿಂದಿನ ಬಾಗಿಲಲ್ಲಿ ಕಂಡಕ್ಟರ್ ಸೀಟಿ ಊದಿ "ರೈಟ್, ಪೋಯಿ!" ಅಂದೇಬಿಟ್ಟ. ಒಳಗಿದ್ದ ಕಾಲೇಜು ಹುಡುಗಿ ಕೈ ಹಿಡಿದು ಎಳೆದುಕೊಂಡಳು. ಮಂಗಳೂರಿನ ಬಸ್ಸಿನಲ್ಲಿ ಅಜ್ಜಿಯರನ್ನು ಎಳೆದುಕೊಳ್ಳುವ ಕೈ ಯಾವಾಗಲೂ ಇರುತ್ತದೆ, ಅದು ನಿಜ. ಆದರೆ ದಿನಾ ಅದನ್ನೇ ನಂಬಿ ಮನೆ ಮಾಡಲು ಆಗುವುದಿಲ್ಲ.

ಇನ್ನೊಂದು ವಿಷಯ ಉಂಟು. 2023ರ ಜೂನ್ 11ರಿಂದ ರಾಜ್ಯದಲ್ಲಿ ಹೆಂಗಸರಿಗೆ ಬಸ್ ಪ್ರಯಾಣ ಉಚಿತ. ಬೆಂಗಳೂರಲ್ಲಿ ಅಮ್ಮ ಅದನ್ನು ಚೆನ್ನಾಗಿಯೇ ಉಪಯೋಗಿಸಿದ್ದರು. ಆದರೆ ಈ ಶಕ್ತಿ ಯೋಜನೆ ಸರ್ಕಾರಿ ಬಸ್ಸಿಗೆ ಮಾತ್ರ. ಖಾಸಗಿ ಬಸ್ಸೇ ತುಂಬಿರುವ ನಮ್ಮ ಜಿಲ್ಲೆಯಲ್ಲಿ ಅದರಿಂದ ಆದ ಉಪಕಾರ ಅಷ್ಟಕ್ಕಷ್ಟೆ. ಕೆಎಸ್‌ಆರ್‌ಟಿಸಿ ಬಸ್‌ಸ್ಟ್ಯಾಂಡ್ ಇರುವುದು ಬಿಜೈಯಲ್ಲೇ. ಅಮ್ಮ ಇದನ್ನು ನಮಗಿಂತ ಮೊದಲು ಲೆಕ್ಕ ಹಾಕಿದ್ದರು. ಅಲ್ಲಿಂದ ಪುತ್ತೂರಿಗೆ ಸರ್ಕಾರಿ ಬಸ್ಸು ಬೇಕಾದಷ್ಟು ಉಂಟು. ಆಧಾರ್ ಕಾರ್ಡ್ ತೋರಿಸಿದರೆ ತಂಗಿಯ ಮನೆಗೆ ಹೋಗಿ ಬರಬಹುದು. ಯಾರನ್ನೂ ಕೇಳಬೇಕಾಗಿಲ್ಲ, ಯಾರಿಂದಲೂ ದುಡ್ಡು ತೆಗೆದುಕೊಳ್ಳಬೇಕಾಗಿಲ್ಲ.

ಹಾಗೆ ನಾವು ಬಿಜೈಗೆ ಬಂದೆವು.

ಇವರ ಓಡಾಟದ ಬಗ್ಗೆ ನನಗೆ ಹೆದರಿಕೆ ಇತ್ತು. ಇಪ್ಪತ್ತು ಕಿಲೋಮೀಟರಿಗೂ ಮೇಲೆ. ಆದರೆ ಬೆಳಿಗ್ಗೆ ನೇತ್ರಾವತಿ ಸೇತುವೆಯ ಮೇಲೆ ಜನವೆಲ್ಲ ಸಿಟಿಯ ಕಡೆ ಬರುತ್ತಿರುವಾಗ ಇವರು ಎದುರು ದಿಕ್ಕಿಗೆ ಹೋಗುತ್ತಾರೆ. ಈಚೆ ಬರುವ ಸಾಲು ತೊಕ್ಕೊಟ್ಟಿನ ತನಕ ನಿಂತಿರುತ್ತದೆ, ಆಚೆ ಹೋಗುವವರಿಗೆ ದಾರಿ ಸಲೀಸು. ಸಂಜೆಯೂ ಸ್ವಲ್ಪ ಹಾಗೇ. ತೊಕ್ಕೊಟ್ಟು ಜಂಕ್ಷನ್, ಪಂಪ್‌ವೆಲ್ ಮಾತ್ರ ಯಾವ ದಿಕ್ಕಿನವರನ್ನೂ ಬಿಡುವುದಿಲ್ಲ. ಈಗ ವಾರದಲ್ಲಿ ಕೆಲವು ದಿನ ಕಂಪನಿಯ ಬಸ್ಸಿನಲ್ಲಿ ಹೋಗುತ್ತಾರೆ, ನಿದ್ದೆ ಮಾಡಿಕೊಂಡು.

ಕಳೆದುಕೊಂಡದ್ದೂ ಇದೆ. ಹಪ್ಪಳ ಒಣಗಿಸಲು ಟೆರೇಸಿನ ಕೀ ಬೇಕು, ಕೀ ಅಸೋಸಿಯೇಷನ್ ಸೆಕ್ರೆಟರಿಯ ಹತ್ತಿರ, ಸೆಕ್ರೆಟರಿ ಯಾವಾಗಲೂ ಊರಲ್ಲಿ ಇಲ್ಲ. ಬಾಲ್ಕನಿಯ ಚಟ್ಟಿಯಲ್ಲಿ ಬಸಳೆ ಹಬ್ಬಿಸಿದ್ದಕ್ಕೆ ಕೆಳಗಿನ ಕಾರಿನವರು ಎಲೆ ಬೀಳುತ್ತದೆ ಅಂತ ದೂರು ಕೊಟ್ಟರು. ನಮ್ಮ ಮಹಡಿಯ ಎದುರು ಮನೆಯವರ ಹೆಸರು ನನಗೆ ಗೊತ್ತಾದದ್ದು ಅವರ ಕೊರಿಯರ್ ನಮ್ಮ ಮನೆಗೆ ಬಂದಾಗ. ಕುತ್ತಾರಿನ ಯಜಮಾನರಾದರೆ ಹಲಸಿನ ಹಣ್ಣು ಬಿದ್ದ ದಿನವೇ ಮನೆಯೊಳಗೆ ಬಂದು ಕೂರುತ್ತಿದ್ದರು.

ಅಮ್ಮ ಮಾತ್ರ ಬೆಳಿಗ್ಗೆ ಹತ್ತಕ್ಕೆ ಕೊಡೆ ಹಿಡಿದು ಹೊರಟರೆ ಊಟದ ಹೊತ್ತಿಗೆ ಬರುತ್ತಾರೆ. ಎಲ್ಲಿಗೆ ಅಂತ ನಾವು ಕೇಳುವುದನ್ನು ಬಿಟ್ಟಿದ್ದೇವೆ. ರಸ್ತೆ ಬದಿಯಲ್ಲಿ ಬುಟ್ಟಿ ಇಟ್ಟು ಕೂರುವ ಮೀನಿನ ಅಕ್ಕನ ಜೊತೆ ತುಳುವಿನಲ್ಲಿ ಚರ್ಚೆ ಮಾಡದೆ ಬೂತಾಯಿ ಮನೆಗೆ ಬರುವುದಿಲ್ಲ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳಿಗೆ ಕಡಲಿಗೆ ಇಳಿಯಲು ನಿಷೇಧ. ಆಗ ಬರುವ ಮೀನು ಎಲ್ಲಿಯದು, ಐಸಿನಲ್ಲಿ ಎಷ್ಟು ದಿನ ಇದ್ದದ್ದು ಎಂದು ಅಕ್ಕನೇ ಅಮ್ಮನಿಗೆ ಗುಟ್ಟಾಗಿ ಹೇಳುತ್ತಾರಂತೆ. ಓನರ್ ಆಂಟಿಗೂ ಅಮ್ಮನೇ ಮೀನು ತಂದುಕೊಡುವುದು.

ಮೊನ್ನೆ ಹನ್ನೊಂದು ತಿಂಗಳ ಅಗ್ರಿಮೆಂಟ್ ಮುಗಿಯಿತು. ಬಾಡಿಗೆ ಸ್ವಲ್ಪ ಏರಿಸಿದರು. ಇವರು ಮತ್ತೆ ಫೋನ್ ಹಿಡಿದು ಕೊಣಾಜೆಯ ಹತ್ತಿರದ ಅಸೈಗೋಳಿಯಲ್ಲಿ ಒಂದು ಮನೆ ಉಂಟು, ತಟ್ಟು ಜಾಗ, ಹಿಂದೆ ಗುಡ್ಡ ಇಲ್ಲ, ಬಾವಿ ಉಂಟು ಅಂತ ಶುರು ಮಾಡಿದರು. ಅಮ್ಮ ಕನ್ನಡಕ ಹಾಕಿಕೊಂಡು ಫೋಟೋ ಎಲ್ಲ ನೋಡಿ, ಒಳ್ಳೇದುಂಟು ಅಂದರು. ಗೇಟಿನಿಂದ ಬಸ್‌ಸ್ಟಾಪಿಗೆ ಎಷ್ಟು ದೂರ ಅಂತ ಕೇಳಿದರು. ಇವರು ಇನ್ನೂ ಅದನ್ನು ಬ್ರೋಕರಿಗೆ ಕೇಳಿಲ್ಲ.